ಹರಕೆಯ ಎಂಜಿನ್ನು

ಕಂಬಂ ಊರಿಗೆ ರೈಲಿಲ್ಲ. ದ್ರಾಕ್ಷಿ ಉಂಟು, ತೆಂಗು ಉಂಟು, ಷೇರ್ ಆಟೋದಲ್ಲಿ ಗುರುತಿಲ್ಲದವರ ತೊಡೆಯ ಮೇಲೆ ಕೂತು ಹೋಗುವ ಸೌಕರ್ಯ ಉಂಟು. ರೈಲೇ ಬೇಕೆನ್ನುವವರು ಬಸ್ಸು ಹಿಡಿದು ತೇನಿಗೆ ಹೋಗಬೇಕು. ಸರ್ಕಾರದ ಕೈಯಲ್ಲಿ ಆಗದ ಈ ಕೆಲಸವನ್ನು ಶಿವಬಾಲನ್ ಅವರು ತಮ್ಮ ಮನೆಯ ಮಹಡಿ ಕೋಣೆಯಲ್ಲಿ ಮಾಡಿ ಮುಗಿಸಿದ್ದರು. ಅಲ್ಲಿ ‘ಕಂಬಂ ಜಂಕ್ಷನ್’ ಎಂಬ ಹಳದಿ ಫಲಕವಿತ್ತು. ಥರ್ಮೋಕೋಲಿನ ಘಟ್ಟ, ಹಸಿರು ಸ್ಪಂಜಿನ ದ್ರಾಕ್ಷಿ ಚಪ್ಪರ, ಕನ್ನಡಿ ಚೂರಿನ ಕೆರೆ, ಇವುಗಳ ನಡುವೆ ಹೆಬ್ಬೆಟ್ಟಿನ ಅಗಲದ ಹಳಿ. ಜಂಕ್ಷನ್ನಿಗೆ ಬಂದು ಸೇರುವ ಬೇರೆ ದಾರಿ ಯಾವುದೂ ಇರಲಿಲ್ಲ. ಆದರೂ ಅದು ಜಂಕ್ಷನ್ನೇ. ಫಲಕ ಬರೆಸಿದವರು ಅವರಲ್ಲವೇ.

ಶಿವಬಾಲನ್ ಸಾಮಾನ್ಯರಲ್ಲ. ಹನಿ ನೀರಾವರಿ ಪೈಪುಗಳ ಅಂಗಡಿಯ ಒಡೆಯರು, ವರ್ತಕರ ಸಂಘದ ಉಪಾಧ್ಯಕ್ಷರು. ಬೇಸಿಗೆಯಲ್ಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಭೆಗಳಲ್ಲಿ ಎರಡನೆಯ ಕುರ್ಚಿಯಲ್ಲಿ ಕೂತು, ಮೊದಲನೆಯ ಕುರ್ಚಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಭಾರವಾದ ಹೊಣೆ ಅವರದು. ಅಂಥವರು ಅಂಗಡಿಯಿಂದ ಬಂದು, ಅಂಗಿ ಬಿಚ್ಚಿಟ್ಟು, ಮಹಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಇದ್ದದ್ದು ಜರ್ಮನಿಯಲ್ಲಿ ಮಾಡಿದ ಕರಿಯ ಉಗಿ ಎಂಜಿನ್ನು. ಉದ್ದ ಒಂದು ಬಾಳೆಕಾಯಿಯಷ್ಟು. ಅದಕ್ಕೆ ನಡೆಯುತ್ತಿದ್ದ ಸೇವೆ ಮಾತ್ರ ಗರ್ಭಗುಡಿಯ ಮೂರ್ತಿಗೆ ನಡೆಯುವಷ್ಟು. ಬೆಳಿಗ್ಗೆ ಕುಂಚದಿಂದ ಧೂಳು ತೆಗೆಯುವುದು, ಸಂಜೆ ಸೂಜಿಮೊನೆಯಿಂದ ಎಣ್ಣೆ ಬಿಡುವುದು, ಹೆಂಡತಿಯ ನೈಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹಳಿಗೆ ಅಭಿಷೇಕ. ಇಷ್ಟೆಲ್ಲ ಆದ ಮೇಲೆ ಸ್ವಿಚ್ಚು ಹಾಕಿದರೆ ಕರೆಂಟು ಹೋಗುತ್ತಿತ್ತು. ಕರೆಂಟು ಬಂದ ದಿನ ಡಬ್ಬಿಯೊಂದು ಹಳಿ ತಪ್ಪುತ್ತಿತ್ತು. ಡಬ್ಬಿ ಹಳಿ ತಪ್ಪದ ದಿನ ಸುರಂಗದೊಳಗೆ ಹಲ್ಲಿ ಮೊಟ್ಟೆಯಿಟ್ಟಿರುತ್ತಿತ್ತು. ಎಲ್ಲವೂ ಕೂಡಿ ಬಂದು, ರೈಲು ಹೊರಟ ಜಾಗಕ್ಕೇ ಮರಳಿ ಬಂದು ನಿಂತಾಗ, ಅವರ ಕಣ್ಣಲ್ಲಿ ನೀರು ತುಂಬುತ್ತಿತ್ತು. ಎಲ್ಲಿಗೂ ಹೋಗದೆ ಇಷ್ಟು ಸುಖಪಟ್ಟ ಪ್ರಯಾಣಿಕರು ನಮ್ಮ ಕಣಿವೆಯಲ್ಲಿ ಬೇರೆ ಇಲ್ಲ.

ಅವರ ಧರ್ಮಪತ್ನಿ ತಮಿಳರಸಿಗೆ ಆ ಕೋಣೆಯ ಮೇಲೆ ಬೇರೊಂದು ಕಣ್ಣಿತ್ತು. ಆಕೆ ಮದುವೆ ರವಿಕೆಗಳಿಗೆ ಆರಿ ಕಸೂತಿ ಹಾಕುವುದರಲ್ಲಿ ಹೆಸರಾದವಳು. ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕಲಿಸಲು ಗಾಳಿ ಬೆಳಕಿನ ಜಾಗ ಬೇಕೆಂದು ಕೇಳುತ್ತಲೇ ಇದ್ದಳು. ಜಂಕ್ಷನ್ನನ್ನು ಸ್ಥಳಾಂತರಿಸುವುದು ಅಷ್ಟು ಸುಲಭವಲ್ಲ ಎಂದು ಉಪಾಧ್ಯಕ್ಷರು ಪ್ರತಿ ಸಲವೂ ವಿವರಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಶಿವಬಾಲನ್ ಅವರ ದೊಡ್ಡವ್ವ ವೆಳ್ಳೈಯಮ್ಮಾಳ್ ತಾರಸಿಯಲ್ಲಿ ಹುಣಸೆಹಣ್ಣು ಒಣಗಿಸಲು ಮೇಲೆ ಬಂದರು. ಚಿಲಕ ಹಾಕುವುದು ಆ ದಿನ ಮರೆತಿತ್ತು. ಬಾಗಿಲು ತಳ್ಳಿದರೆ, ವರ್ತಕರ ಸಂಘದ ಉಪಾಧ್ಯಕ್ಷರು ಬನಿಯನ್ನಿನಲ್ಲಿ ನೆಲಕ್ಕೆ ಬೋರಲು ಬಿದ್ದು, ಕೆನ್ನೆಯನ್ನು ಹಳಿಗೆ ಆನಿಸಿ, ತುಟಿ ಚೂಪು ಮಾಡಿ ಕೂ ಎಂದು ಕೂಗುತ್ತಿದ್ದರು. ಎಂಜಿನ್ನು ಅವರ ಮೂಗಿನ ತನಕ ಬಂದು ನಿಂತಿತು.

“ಏನು ಮಗಾ ಇದು?” ಎಂದರು ದೊಡ್ಡವ್ವ.

ಸುಳ್ಳು ಹೇಳುವುದಕ್ಕೆ ಮನುಷ್ಯನಿಗೆ ಒಂದು ಗಳಿಗೆಯಾದರೂ ಬೇಕು ಎನ್ನುತ್ತಾರೆ. ಉಪಾಧ್ಯಕ್ಷರಿಗೆ ಬೇಕಾಗಲಿಲ್ಲ. ಆಟದ ಸಾಮಾನು ಎಂಬ ಮಾತು ಬಾಯಿಗೆ ಬಂದರೆ ಸಂಜೆಯೊಳಗೆ ಅದು ಉತ್ತಮಪಾಳಯದ ತನಕ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಬೋರಲು ಬಿದ್ದ ಭಂಗಿಗೆ ಹೊಂದುವ ಕಾರಣ ಒಂದೇ ಹೊಳೆಯಿತು.

“ಹರಕೆ, ದೊಡ್ಡವ್ವ.”

ಮುದುಕಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಎಂಜಿನ್ನಿಗೆ ಕೈ ಮುಗಿದು, ಹುಣಸೆಹಣ್ಣಿನ ಮೊರ ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದರು. ತಾವು ಪಾರಾದೆವೆಂದು ಶಿವಬಾಲನ್ ಅಂದುಕೊಂಡರು.

ಇಲ್ಲಿ ಒಂದು ವಿಷಯ ಹೇಳಬೇಕು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ದನಗಳ ಹಿಂದೆ ನಡೆದು ಈ ಕಣಿವೆಗೆ ಬಂದವರು ನಾವು. ಇವತ್ತಿಗೂ ದನ ಮುಂದೆ, ನಾವು ಹಿಂದೆ. ಊರ ಅಂಚಿನಲ್ಲಿ ನಮ್ಮ ಕುಲದ ತೊಳು ಇದೆ, ಅಂದರೆ ದೇವರ ದನಗಳ ದೊಡ್ಡಿ. ಹರಕೆ ಹೊತ್ತವರು ಕರುವನ್ನು ಪೊಂಗಲ್ಲಿನ ಮಾರನೆಯ ದಿನ ಅಲ್ಲಿಗೆ ಬಿಡುತ್ತಾರೆ. ಬಿಟ್ಟದ್ದು ದೇವರದು. ಹೂಡುವಂತಿಲ್ಲ, ಮಾರುವಂತಿಲ್ಲ, ಮರಳಿ ಕೇಳುವಂತಿಲ್ಲ. ಹರಕೆ ಏಕೆ ಹೊತ್ತೆ ಎಂದು ಕೇಳುವುದು ನಮ್ಮಲ್ಲಿ ತಪ್ಪು. ಯಾವಾಗ ಒಪ್ಪಿಸುತ್ತೀ ಎಂದು ಕೇಳುವುದು ಎಲ್ಲರ ಕರ್ತವ್ಯ.

ಕರ್ತವ್ಯದಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಮರುದಿನ ಶಿವಬಾಲನ್ ಅಂಗಡಿ ತೆರೆಯುವ ಮೊದಲೇ ಪಕ್ಕದ ಮನೆಯ ಕಾಮಾಕ್ಷಿಯಮ್ಮಾಳ್ ಒಂದು ಕಟ್ಟು ಅಗಸೆ ಸೊಪ್ಪು ತಂದು ಮೆಟ್ಟಿಲ ಮೇಲಿಟ್ಟರು. ಹರಕೆಯ ದನಕ್ಕೆ ಊರವರು ಸೊಪ್ಪು ಕೊಡುವುದು ರೂಢಿ. ಈ ದನ ಸೊಪ್ಪು ತಿನ್ನುತ್ತದೋ ಇಲ್ಲವೋ ಎಂಬುದು ಕೊಡುವವರ ತಲೆನೋವಲ್ಲ. ಅವರ ಹಿಂದೆ ಮುತ್ತುಸೆಲ್ವಿ ಬೆಲ್ಲ ತಂದಳು. ಹಿಂದಿನ ಬೀದಿಯವರು ಹಿಂಡಿ ನೆನೆಸಿ ತಂದರು. ಕಂಬಂ ಜಂಕ್ಷನ್ನಿನ ಪ್ಲಾಟ್‌ಫಾರ್ಮು ಮೇವಿನಿಂದ ತುಂಬಿತು. ಎಂಜಿನ್ನಿನ ಹಣೆಗೆ ಅರಿಶಿನ ಬಿತ್ತು, ಅರಿಶಿನದ ಮೇಲೆ ಕುಂಕುಮ ಬಿತ್ತು, ಹೊಗೆಕೊಳವೆಗೆ ಒಂದು ಸೇವಂತಿಗೆ ಸಿಕ್ಕಿಸಿದರು. ಜರ್ಮನಿಯಿಂದ ಬರುವಾಗ ಇಪ್ಪತ್ತು ಪದರ ಕಾಗದ ಸುತ್ತಿಕೊಂಡು ಬಂದ ಎಂಜಿನ್ನಿಗೆ ಒಬ್ಬರು ಮಜ್ಜಿಗೆ ಕುಡಿಸಲು ಹೊರಟಾಗ ಶಿವಬಾಲನ್ ಅಡ್ಡ ಬಂದು, ಇವತ್ತು ಅದಕ್ಕೆ ಉಪವಾಸ ಎಂದು ಹೇಳಿ ಉಳಿಸಿಕೊಂಡರು. ಅದರಿಂದ ಎಂಜಿನ್ನಿನ ಮಹಿಮೆ ಇನ್ನೂ ಹೆಚ್ಚು ಹರಡಿತು.

ಮೊದಲ ಕೆಲವು ದಿನ ಅವರಿಗೆ ಒಳಗೊಳಗೆ ಹಿತವಾಗಿಯೂ ಇತ್ತು. ಮಹಡಿಗೆ ಹೋಗುವಾಗ ಯಾರೂ ಕೆಮ್ಮುತ್ತಿರಲಿಲ್ಲ. ಕೆಳಗಿನಿಂದ ಕಾಫಿ ತಾನಾಗಿ ಮೇಲೆ ಬರುತ್ತಿತ್ತು. ಆದರೆ ಒಂದು ಸಂಜೆ ಸ್ವಿಚ್ಚಿನ ಮೇಲೆ ಕೈಯಿಡುವಾಗ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ದೊಡ್ಡವ್ವ ತಲೆಯೆತ್ತಿದರು.

“ಸಾಮಿಗೆ ಅಂತ ಬಾಯಿಬಿಟ್ಟ ಮೇಲೆ ಹೂಡ್ತಾರಾ ಮಗಾ? ಪಾವ, ಅದು ನಿಂತ್ಕಂಡಿರಲಿ.”

ಪಾವ ಎಂಬುದು ನಮ್ಮವರ ಮರುಕದ ಮಾತು. ಅಂದಿನಿಂದ ಎಂಜಿನ್ನು ನಿಂತೇ ಇತ್ತು. ದೊಡ್ಡವ್ವನ ಅವರೆಕಾಯಿ ಮುಗಿದ ಮೇಲೆ ತೊಗರಿಕಾಯಿ ಬಂತು. ನಮ್ಮ ಕಣಿವೆಯಲ್ಲಿ ಕಾಯಿಗಳಿಗೆ ಬರವಿಲ್ಲ. ಉಪಾಧ್ಯಕ್ಷರು ತಮ್ಮದೇ ಕೋಣೆಯಲ್ಲಿ, ತಮ್ಮದೇ ಎಂಜಿನ್ನನ್ನು, ಊರವರ ಜೊತೆ ಸಾಲಿನಲ್ಲಿ ನಿಂತು ನೋಡುವಂತಾಯಿತು.

ತಮಿಳರಸಿಗೆ ಸತ್ಯ ಗೊತ್ತಿತ್ತು. ಆ ಎಂಜಿನ್ನಿನ ಪಾರ್ಸೆಲ್ ಬಂದ ದಿನ ಆಕೆಯೇ ಸಹಿ ಹಾಕಿ ತೆಗೆದುಕೊಂಡಿದ್ದಳು. ಒಂದು ಮಾತು ಹೇಳಿ ಬಿಡಿಸೆಂದು ಗಂಡ ಬೇಡಿಕೊಂಡಾಗ ಆಕೆ ಗಲ್ಲ ತಟ್ಟಿಕೊಂಡಳು. ಸಾಮಿ ಕಾರ್ಯಕ್ಕೆ ಅಡ್ಡ ಬರುವ ಹೆಂಗಸು ತಾನಲ್ಲವೆಂದಳು. ಆ ಮಧ್ಯಾಹ್ನವೇ ಟೇಪು ಹಿಡಿದು ಮಹಡಿ ಕೋಣೆಯ ಗೋಡೆ ಅಳೆದಳು.

ಪೊಂಗಲ್ ಹತ್ತಿರ ಬಂದಂತೆ ಹರಕೆಯನ್ನು ಪರೀಕ್ಷಿಸಲು ಹಿರಿಯರು ಬಂದರು. ಕುಲದ ದೊಡ್ಡವರು ರಂಗಸಾಮಿ, ತೊಳುವಿನ ಪೂಜಾರಿ ಪಿಚ್ಚೈ, ಅವರ ಹಿಂದೆ ದೊಡ್ಡವ್ವನ ಅಳಿಯ ಶರವಣನ್. ಈ ಶರವಣನ್ ಬತ್ತಲಗುಂಡು ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಜಗತ್ತಿನ ಯಾವ ವಸ್ತುವನ್ನು ಕಂಡರೂ ಅದು ಆನ್‌ಲೈನಿನಲ್ಲಿ ಇನ್ನೂ ಅಗ್ಗ ಎನ್ನುವುದು ಅವನ ವೇದಾಂತ.

ಪಿಚ್ಚೈ ಕೂತು ಎಂಜಿನ್ನನ್ನು ಕೈಗೆತ್ತಿಕೊಂಡ. ಕರುವನ್ನು ನೋಡುವಂತೆಯೇ ನೋಡಿದ. ಮೈ ಕರಿ, ಮಚ್ಚೆ ಇಲ್ಲ, ಒಳ್ಳೆಯದು ಎಂದ. ಬೆನ್ನ ಮೇಲಿನ ಹಿತ್ತಾಳೆಯ ಗುಬುಟನ್ನು ತಡವಿ, ಹಿಣಿಲು ಗಟ್ಟಿಯಾಗಿದೆ ಎಂದ. ಸುಳಿ ಹುಡುಕಿದ, ಹೊಟ್ಟೆಯ ಕೆಳಗೆ ಒಂದು ತಿರುಪುಮೊಳೆ ಕಂಡು, ಇದು ದೋಷದ ಸುಳಿಯಲ್ಲ ಎಂದು ಸಮಾಧಾನ ಹೇಳಿದ. ಕಾಲುಗಳ ಸಂಖ್ಯೆ ಸ್ವಲ್ಪ ಹೆಚ್ಚಾಯಿತಲ್ಲ ಎಂದಾಗ ಮಾತ್ರ ಸಭೆ ಯೋಚನೆಗೆ ಬಿತ್ತು.

ಇದೇ ಸಮಯವೆಂದು ಶಿವಬಾಲನ್ ಕೈ ಜೋಡಿಸಿದರು. ಇದು ಹೇಗಿದ್ದರೂ ದನವಲ್ಲ, ಇದರ ಬದಲು ಒಳ್ಳೆಯ ಜಾತಿಯ ಎರಡು ಕರು ತಂದು ಬಿಡುತ್ತೇನೆ, ಬೇಕಿದ್ದರೆ ದೊಡ್ಡಿಗೆಲ್ಲ ಹನಿ ನೀರಾವರಿ ಹಾಕಿಸುತ್ತೇನೆ ಎಂದರು. ರಂಗಸಾಮಿ ಕಣ್ಣು ಮುಚ್ಚಿ ಕೇಳಿದರು. ಅವರು ಕಣ್ಣು ಮುಚ್ಚಿದರೆ ನ್ಯಾಯ ಹುಟ್ಟುತ್ತದೆಂದು ನಮ್ಮಲ್ಲಿ ನಂಬಿಕೆ. ಕೆಲವು ಸಲ ಗೊರಕೆಯೂ ಹುಟ್ಟುತ್ತದೆ. ಅಂದು ನ್ಯಾಯವೇ ಹುಟ್ಟಿತು. ದನವೆಂದರೆ ಏನು ಎಂದು ಅವರು ಕೇಳಿ, ಉತ್ತರವನ್ನೂ ಅವರೇ ಹೇಳಿದರು: ಅದಕ್ಕೆ ಏನಾದರೂ ಕುಡಿಸಬೇಕು, ಇದು ಎಣ್ಣೆ ಕುಡಿಯುತ್ತದೆ. ಅದು ಕೂಗಬೇಕು, ಇದು ಕೂಗುವುದನ್ನು ವೆಳ್ಳೈಯಮ್ಮಾಳ್ ಕಿವಿಯಾರೆ ಕೇಳಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇಯಲು ಹೋದದ್ದು ತನ್ನ ಕೊಟ್ಟಿಗೆಗೆ ತಾನೇ ಮರಳಿ ಬರಬೇಕು. ತೊಳುವಿನಲ್ಲಿರುವ ದನಗಳನ್ನು ಹುಡುಕಿ ತರಲು ಇಬ್ಬರು ಆಳು ಬೇಕು. ಇದಕ್ಕೆ ಅದೂ ಬೇಡ. ಆದ್ದರಿಂದ ಇದು ದನಕ್ಕಿಂತ ಒಂದು ಕೈ ಮೇಲು.

“ನಾಲಿಗೆಯಿಂದ ಬಿದ್ದ ಮೇಲೆ ಬದಲು ಕೊಡೋಕೆ ಅದೇನು ಪೈಪಾ, ತಂಬಿ?” ಎಂದು ಅವರು ಎದ್ದರು.

ಶರವಣನ್ ಮಾತ್ರ ಹಿಂದಿನಿಂದ ಭಾವನನ್ನು ನೋಡಿ ನಕ್ಕ. “ಬೊಂಬೆ ರೈಲನ್ನ ಸಾಮಿಗೆ ಬಿಡೋ ಮೊದಲ ಆಳು ನೀನೇ ಮಚ್ಚಾನ್. ಓಡ್ತದಾ ಇಲ್ಲಾ ಕೈಲಿ ತಳ್ಳಬೇಕಾ?”

ಇಳಿಯುವಾಗ ಮೆಟ್ಟಿಲ ಮೇಲೆ ಪಿಚ್ಚೈ ಒಂದು ನಿಯಮ ನೆನಪಿಸಿದ. ಹರಕೆಯ ದನ ತಾನಾಗಿ ತೊಳುವಿನ ಹೊಸ್ತಿಲು ದಾಟಬೇಕು. ಒಡೆಯ ಹೊಡೆಯಬಾರದು, ಎಳೆಯಬಾರದು. ಪೂಜಾರಿ ಒಳಗಿನಿಂದ ಮೂರು ಸಲ ಕರೆಯುತ್ತಾನೆ. ಮೂರು ಸಲಕ್ಕೂ ಬಾರದಿದ್ದರೆ ದೇವರಿಗೆ ಬೇಡವೆಂದು ಅರ್ಥ, ಮನೆಗೆ ಹೊಡೆದುಕೊಂಡು ಹೋಗಬಹುದು, ಹರಕೆ ತೀರಿದಂತೆ.

ಶಿವಬಾಲನ್ ಅವರ ಮುಖದಲ್ಲಿ ಬಹಳ ದಿನದ ಮೇಲೆ ರಕ್ತ ಹರಿಯಿತು. ಹಳಿಯ ಕೆಲಸ ಬೇರೆ ಯಾರಿಗೂ ಬರುವುದಿಲ್ಲ, ತೊಳುವಿನಲ್ಲಿ ತಾನೇ ಹಾಕುತ್ತೇನೆ ಎಂದು ಅತಿ ವಿನಯದಿಂದ ಕೇಳಿಕೊಂಡರು. ಎಂಥ ಭಕ್ತಿ ಎಂದು ಎಲ್ಲರೂ ಮೆಚ್ಚಿದರು.

ಪೊಂಗಲ್ಲಿನ ಮಾರನೆಯ ದಿನ ತೊಳುವಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕೊಂಬಿಗೆ ಬಣ್ಣ ಬಳಿದ ದೇವರ ದನಗಳು ಬೇಲಿಯೊಳಗೆ ಕಬ್ಬು ಜಗಿಯುತ್ತ ನಿಂತಿದ್ದವು. ಆಂಡಿಪಟ್ಟಿ, ಬೋಡಿ ಕಡೆಯ ನೆಂಟರೂ ಬಂದಿದ್ದರು. ಕರು ಬಿಡುವುದನ್ನು ಎಲ್ಲರೂ ನೋಡಿದ್ದರು, ರೈಲು ಬಿಡುವುದನ್ನು ಯಾರೂ ನೋಡಿರಲಿಲ್ಲ. ಶಿವಬಾಲನ್ ಪಟ್ಟೆ ಪಂಚೆಯುಟ್ಟು ಹಳಿ ಹಾಸಿದರು. ಬೇಲಿಯೊಳಗೆ ಹಲಗೆಗಳ ಮೇಲೆ ಮೊಟ್ಟೆಯಾಕಾರದ ಒಂದು ಸುತ್ತು. ಅದಕ್ಕೆ ಹೊರಗಿನಿಂದ ಹೊಸ್ತಿಲು ದಾಟಿ ಹೋಗಿ ಕೂಡುವ ಒಂದು ನೇರ ತುಂಡು. ಕರೆಂಟು ಬಿಡುವ ತಿರುಗಣಿಯ ಡಬ್ಬಿ ಒಳಗೆ ಪಿಚ್ಚೈಯ ಕೈಯಲ್ಲಿ, ಅದರ ವಯರು ಮೈಕ್‌ಸೆಟ್ಟಿನವನ ಪ್ಲಗ್ಗಿನಲ್ಲಿ. ತಿರುಗಣಿ ತಿರುಗಿಸಿದರೆ ಒಳಗಿನ ಸುತ್ತಿಗೆಲ್ಲ ಕರೆಂಟು ಬರುತ್ತದೆ. ಅಲ್ಲಿಂದ ಹಳಿ ಹಳಿಗೂ ತಗಡಿನ ಕ್ಲಿಪ್ಪುಗಳ ಮೂಲಕ ಹೊರಗಿನ ತನಕ ಹರಿಯುತ್ತದೆ. ಹರಿಯಬೇಕು. ಆದರೆ ಹೊಸ್ತಿಲ ಹತ್ತಿರದ ಜೋಡಣೆಯಲ್ಲಿ ಉಪಾಧ್ಯಕ್ಷರು ಕ್ಲಿಪ್ಪುಗಳನ್ನು ಒಂದು ಕೂದಲೆಳೆಯಷ್ಟು ಹಿಂದೆ ಸರಿಸಿ, ಅದರ ಮೇಲೆ ಭಕ್ತಿಯಿಂದ ಹೂವು ಹರಡಿದ್ದರು. ಎಂಜಿನ್ನನ್ನು ಹೊರಗಿನ ತುಂಡಿನ ಮೇಲೆ ಇಟ್ಟು, ಹೊಗೆಗೆಂದು ಒಂದು ಹನಿ ಎಣ್ಣೆ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು ನಿಂತರು.

ಪಿಚ್ಚೈ ಕಬ್ಬಿನ ತುಂಡು ತೋರಿಸಿ, ಬಾ ಎಂದು ಕರೆದು, ತಿರುಗಣಿ ತಿರುಗಿಸಿದ. ಎಂಜಿನ್ನು ಕದಲಲಿಲ್ಲ.

ಜನರ ನಡುವೆ ಒಂದು ನಿಟ್ಟುಸಿರು ಓಡಿತು. ಹೊಸ ಜಾಗ, ಹೆದರಿಕೊಂಡಿದೆ ಎಂದರು ಕಾಮಾಕ್ಷಿಯಮ್ಮಾಳ್. ಎರಡನೆಯ ಸಲ ಪಿಚ್ಚೈ ಇನ್ನಷ್ಟು ಮೆತ್ತಗೆ ಕರೆದು ತಿರುಗಣಿಯನ್ನು ಇನ್ನಷ್ಟು ತಿರುಗಿಸಿದ. ಎಂಜಿನ್ನು ಕೆಸರಲ್ಲಿ ಕೂತ ಎಮ್ಮೆಯಂತೆ ನಿಂತಿತ್ತು. ಶಿವಬಾಲನ್ ತಲೆ ತಗ್ಗಿಸಿ, ಬಾಯಿ ಬಿಗಿದು, ದುಃಖದ ಮುಖ ಮಾಡಿದರು. ಆ ಮುಖ ಮಾಡಲು ಅವರು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರೆಂದು ತಮಿಳರಸಿ ಆಮೇಲೆ ಹೇಳಿದಳು.

ಆಗ ಊರವರಿಗೆ ಕರುಣೆ ಉಕ್ಕಿತು. ಬೈಗುಳವನ್ನು ತಡೆದುಕೊಳ್ಳಬಹುದು, ನಮ್ಮವರ ಕರುಣೆಯನ್ನು ತಡೆದುಕೊಳ್ಳುವುದು ಕಷ್ಟ. ಪಾವ, ಅದು ಮೊದಲೇ ಓಡುತ್ತಿರಲಿಲ್ಲವಂತೆ ಎಂದು ಒಬ್ಬರು ಶುರು ಮಾಡಿದರು. ಅವನು ಬೋರಲು ಬಿದ್ದು ಕೈಯಲ್ಲಿ ತಳ್ಳುತ್ತಿದ್ದನಂತೆ ಎಂದು ಇನ್ನೊಬ್ಬರು. ಸಿಳ್ಳೆಯೂ ಅವನೇ ಹಾಕುತ್ತಿದ್ದ, ನಾನೇ ನೋಡಿದೆನಲ್ಲ ಎಂದು ದೊಡ್ಡವ್ವ ಕಣ್ಣೊರೆಸಿಕೊಂಡು ಸಾಕ್ಷಿ ಹೇಳಿದರು. ಸಾಲಿನ ಕೊನೆಯ ತನಕ ಹೋಗುವಷ್ಟರಲ್ಲಿ, ಉಪಾಧ್ಯಕ್ಷರು ದಿನಾ ಬಾಗಿಲು ಹಾಕಿಕೊಂಡು ಕೆಟ್ಟುಹೋದ ರೈಲನ್ನು ತಳ್ಳಿಕೊಂಡು ಬಾಯಲ್ಲಿ ಕೂಗುತ್ತಿದ್ದರು ಎಂಬುದು ಸ್ಥಿರವಾಯಿತು. ಹೆಂಗಸರು ತಮಿಳರಸಿಯ ಕೈ ಹಿಡಿದು ಸಾಂತ್ವನ ಹೇಳಿದರು. ಶಿವಬಾಲನ್ ಅವರ ಮುಖ ಕೆಂಪಾಯಿತು, ಕಪ್ಪಾಯಿತು. ಆದರೂ ತಡೆದುಕೊಂಡರು. ಇನ್ನೊಂದೇ ಕರೆ, ಆಮೇಲೆ ಎಂಜಿನ್ನು ತಮ್ಮದು.

ಪಿಚ್ಚೈ ಮೂರನೆಯ ಸಲ ಕರೆದ. ತಿರುಗಣಿಯನ್ನು ತಿರುಗುವಷ್ಟೂ ತಿರುಗಿಸಿದ. ಎಂಜಿನ್ನು ಬರಲಿಲ್ಲ. ಅವನು ಕಬ್ಬನ್ನು ಕೆಳಗಿಟ್ಟು ರಂಗಸಾಮಿಯ ಕಡೆ ನೋಡಿದ. ರಂಗಸಾಮಿ ಕಣ್ಣು ಮುಚ್ಚಿದರು. ಅವರು ಕಣ್ಣು ತೆರೆದು, ಹೊಡೆದುಕೊಂಡು ಹೋಗು ಎಂದರೆ ಮುಗಿಯಿತು. ಶಿವಬಾಲನ್ ಎಂಜಿನ್ನನ್ನು ಎತ್ತಿಕೊಳ್ಳಲು ಬಾಗಿದರು. ಬೆರಳು ಅದರ ಬೆನ್ನಿಗೆ ತಾಕಿತು.

ಅಷ್ಟರಲ್ಲಿ ಶರವಣನ್, ಪಕ್ಕದಲ್ಲಿದ್ದ ಆಂಡಿಪಟ್ಟಿಯ ನೆಂಟನಿಗೆ ತಿಳಿವಳಿಕೆ ಕೊಡುವ ದನಿಯಲ್ಲಿ ಹೇಳಿದ:

“ನಾನು ಆವತ್ತೇ ನೋಡ್ದೆ. ಚೈನಾ ಮಾಲು.”

ಉಪಾಧ್ಯಕ್ಷರು ನೆಟ್ಟಗಾದರು.

“ಯಾರೋ ಅಂದದ್ದು?”

“ಬಿಡು ಮಚ್ಚಾನ್, ಎಲ್ಲರೂ ಒಂದ್ಸಲ ಏಮಾರ್ತಾರೆ. ನಮ್ಮಂಗಡೀಲಿ ಇದಕ್ಕಿಂತ ಚೆನ್ನಾಗಿರೋದು ಬ್ಯಾಟರೀಲಿ ಓಡ್ತದೆ. ಡಬ್ಬಿ ಮೇಲೆ ಜರ್ಮನಿ ಅಂತ ಯಾರು ಬೇಕಾದ್ರೂ ಅಚ್ಚು ಹಾಕಬಹುದು.”

ಪಾವ ಎಂದರು ಆಂಡಿಪಟ್ಟಿಯ ನೆಂಟರು. ಪಾವ, ಚೈನಾ ಮಾಲು ಎಂದು ಸಾಲು ಸಾಲಾಗಿ ಹಿಂದಕ್ಕೆ ಹೋಯಿತು.

ಆನೆಯ ಬಲವನ್ನು ಅಂಕುಶ ತಡೆಯಬಹುದು, ಹೊಳೆಯ ಬಲವನ್ನು ಒಡ್ಡು ತಡೆಯಬಹುದು. ಸಂಗ್ರಹಕಾರನ ಮಾಲನ್ನು ನಕಲಿಯೆಂದ ಮೇಲೆ ಅವನನ್ನು ತಡೆಯುವ ಸಾಧನವನ್ನು ಬ್ರಹ್ಮನು ಇನ್ನೂ ಮಾಡಿಲ್ಲ. ಶಿವಬಾಲನ್ ಎಂಜಿನ್ನನ್ನು ಎತ್ತಲಿಲ್ಲ. ಹೊಸ್ತಿಲ ಬಳಿ ಮೊಣಕಾಲೂರಿ, ಹೂವುಗಳನ್ನು ಗುಡಿಸಿ ಎಸೆದು, ಎರಡು ಹೆಬ್ಬೆಟ್ಟಿನಿಂದ ಹಳಿಯ ತುಂಡುಗಳನ್ನು ಒತ್ತಿ ಕೂಡಿಸಿದರು.

“ನೋಡೋ ಮಾಪ್ಳೆ,” ಎಂದರು ಶರವಣನ್ ಕಡೆ ತಿರುಗಿ. “ಕಣ್ಣು ಬಿಟ್ಟು ನೋಡು.”

ಪಿಚ್ಚೈ ತಿರುಗಣಿಯನ್ನು ತಿರುಗಿಸಿದ್ದನೇ ಹೊರತು ಹಿಂದಕ್ಕೆ ತಂದಿರಲಿಲ್ಲ. ತಿಂಗಳಿಂದ ನಿಂತಿದ್ದ ಎಂಜಿನ್ನು, ಜಲ್ಲಿಕಟ್ಟಿನ ವಾಡಿವಾಸಲಿನಿಂದ ಬಿಟ್ಟ ಹೋರಿಯಂತೆ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿತು. ಹೊಗೆಕೊಳವೆಯಿಂದ ಬಿಳಿ ಹೊಗೆ ಎದ್ದಿತು. ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಹಾಕಿದರು, ಮೈಕ್‌ಸೆಟ್ಟಿನವನು ನಾಗಸ್ವರ ಹಾಕಿದ, ದೇವರ ದನಗಳು ಜಗಿಯುವುದನ್ನು ನಿಲ್ಲಿಸಿ ಬೇಲಿಗೆ ಸರಿದು ದಾರಿ ಬಿಟ್ಟವು. ಎಂಜಿನ್ನು ತಿರುವಿನಲ್ಲಿ ವಾಲಿತು, ಬಿತ್ತು ಎಂದು ಎಲ್ಲರೂ ಉಸಿರು ಹಿಡಿದರು, ಬೀಳಲಿಲ್ಲ. ಹಳಿ ಹಾಕಿದವರು ಯಾರು. ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ರಂಗಸಾಮಿ ಕಣ್ಣು ತೆರೆದರು. ಶರವಣನ್ ಬಾಯಿ ತೆರೆದ.

ಶಿವಬಾಲನ್ ನಿಂತು, ಎದೆ ಉಬ್ಬಿಸಿ, ನಾಲ್ಕು ದಿಕ್ಕಿಗೂ ನೋಡಿದರು. ಜರ್ಮನಿ ಎಂದು ಮೂರು ಸಲ ಗಟ್ಟಿಯಾಗಿ ಹೇಳಿದರು. ಆಂಡಿಪಟ್ಟಿಯ ನೆಂಟರು ಕೈ ಮುಗಿದರು. ಅವರು ಆ ನಮಸ್ಕಾರವನ್ನು ಸ್ವೀಕರಿಸಿ ತಲೆಬಾಗಿ ಏಳುವಷ್ಟರಲ್ಲಿ, ಪಿಚ್ಚೈಯ ಆಳುಗಳು ಹೊರಗಿನ ನೇರ ತುಂಡನ್ನು ಕಿತ್ತು ಪಕ್ಕಕ್ಕಿಟ್ಟು, ತೊಳುವಿನ ಬಾಗಿಲು ಎಳೆದು ಅಗಳಿ ಹಾಕಿದರು.

ಅಗಳಿ ಬಿದ್ದ ಸದ್ದಿಗೆ ಉಪಾಧ್ಯಕ್ಷರಿಗೆ ಎಚ್ಚರವಾಯಿತು. ಬಾಗಿಲ ಕಡೆ ಧಾವಿಸಿದರು. ಹರಕೆ ಬಿಟ್ಟವರು ಹಬ್ಬ ಮುಗಿಯುವ ತನಕ ಒಳಗೆ ಕಾಲಿಡಬಾರದೆಂದು ರಂಗಸಾಮಿ ಮೃದುವಾಗಿ ತಡೆದರು. ಬಿಟ್ಟದ್ದನ್ನು ಹಾಗೆ ಹಿಂದಿರುಗಿ ನೋಡಿದರೆ ದನಕ್ಕೂ ಸಂಕಟ ಎಂದರು. ದೊಡ್ಡವ್ವ ಬಂದು ಅವರ ಹಣೆಗೆ ವಿಭೂತಿ ಹಚ್ಚಿ, ತಾಯಿಯನ್ನು ಬಿಟ್ಟ ಮೇಲೆ ಕರುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಪಾಪ, ರೈಲಿನ ಡಬ್ಬಿಗಳನ್ನೂ ಶುಕ್ರವಾರ ತಂದು ಬಿಡು ಎಂದರು. ತಮಿಳರಸಿ ಆಗಲೇ ಮುತ್ತುಸೆಲ್ವಿಗೆ ಕಸೂತಿ ತರಗತಿ ಯಾವಾಗ ಶುರುವೆಂದು ಹೇಳುತ್ತಿದ್ದಳು.

ಶಿವಬಾಲನ್ ಬೇಲಿಯ ಗಳುಗಳನ್ನು ಎರಡು ಕೈಯಲ್ಲೂ ಹಿಡಿದು ನಿಂತರು. ಒಳಗೆ ಎಂಜಿನ್ನು ದೇವರ ಆಸ್ತಿಯಾಗಿ ಗಿರ್ರೆಂದು ಸುತ್ತುತ್ತಿತ್ತು. ಪಿಚ್ಚೈ ತಿರುಗಣಿಯ ಡಬ್ಬಿಯನ್ನು ತಲೆಕೆಳಗು ಮಾಡಿದ, ಅಲ್ಲಾಡಿಸಿದ, ಒಂದು ಸಲ ಕಿವಿಗೂ ಇಟ್ಟುಕೊಂಡ. ಕೊನೆಗೆ ಬೆವರುತ್ತ ಬೇಲಿಯ ಹತ್ತಿರ ಬಂದ.

“ಅಯ್ಯಾ, ಇದು ನಿಲ್ಲೋದು ಹೆಂಗೆ?”

ಶಿವಬಾಲನ್ ಅವನನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಹೆಂಡತಿಯಾಗಲಿ, ನೆಂಟರಾಗಲಿ, ಸಂಘದವರಾಗಲಿ, ಅವರ ರೈಲಿನ ವಿಷಯವನ್ನು ಕಲಿಯಲೆಂದು ಅವರನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು. ಅವರು ಪಂಚೆ ಎತ್ತಿ ಕಟ್ಟಿ, ಬೇಲಿಗೆ ಇನ್ನೂ ಹತ್ತಿರ ಸರಿದರು.

“ನಿಲ್ಲಿಸೋದು ಆಮೇಲೆ ಹೇಳ್ತೀನಿ, ಪಿಚ್ಚೈ. ಮೊದಲು ಕೂತ್ಕೋ. ಆ ಮುಂದಿನ ಚಕ್ರ ನೋಡು.”